ನೀರು ಹಾಕದ ಶರಬತ್ತು

ಕಲಬುರಗಿಯ ಬೇಸಿಗೆಯಲ್ಲಿ ಯಾವ ಒಳ್ಳೆಯ ಕೆಲಸಕ್ಕೆ ಕೈಹಾಕಿದರೂ ಅದು ಹಾಲಿನ ಹಾಗೆ ಮಧ್ಯಾಹ್ನದೊಳಗೆ ಕೆಟ್ಟುಹೋಗುತ್ತದೆ. ಬಿ.ಎ. ಓದಿದರೆ ಇದಕ್ಕೇನಾದರೂ ಉಪಾಯ ತಿಳಿದೀತೆಂದು ಒಂದು ಕಾಲಕ್ಕೆ ನಂಬಿದ್ದೆ. ಈಗ ನಲವತ್ತು ದಾಟಿದೆ, ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದೇನೆ, ಹಾಗೇನೂ ನಂಬುವುದಿಲ್ಲ.

ಉಪಾಯ

ನಮ್ಮ ಶಾಲೆ ನಾಲ್ಕನೇ ಜಮಾತಿಗೆ ಮುಗಿಯುತ್ತದೆ. ನಾಲ್ಕನೇ ತರಗತಿ ಮುಗಿಸಿದ ಹುಡುಗಿಗೆ ಮುಂದಿನದು ಲಗ್ನ. ಆ ವರ್ಷ ಎಲ್ಲರಿಗಿಂತ ಜಾಣೆಯೆಂದರೆ ಕಮಲಾಪುರದ ಸಾಹುಕಾರರ ಮೊಮ್ಮಗಳು. ಸಾಹುಕಾರರು ನಮ್ಮ ಶಾಲೆಯ ಪಂಚರಲ್ಲಿ ಹಿರಿಯರು. "ಐದನೇದು ತೆರೀರಿ ಅಕ್ಕೋರ, ಓದಸ್ತೀನಿ. ಇಲ್ಲಂದ್ರ ವರ ತಯಾರ ಇದ್ದಾನ," ಎಂದಿದ್ದರು.

ತೆರೆಯುವುದು ಹೈದರಾಬಾದಿನ ಒಬ್ಬ ದೊಡ್ಡ ಅಧಿಕಾರಿಯ ಕೈಯಲ್ಲಿತ್ತು. ಆ ಅಧಿಕಾರಿ ತಮ್ಮ ಬೇಗಂ ಸಾಹೇಬರ ಕೈಯಲ್ಲಿದ್ದರು. ಬೇಗಂ ಸಾಹೇಬರು ಶಾಲೆ ನೋಡಲು ಬರುವುದಾಗಿ ಹೇಳಿಕಳಿಸಿದರು. ಹುಡುಗಿಯರ ತಾಯಂದಿರೆಲ್ಲ ತಮ್ಮ ಜೊತೆ ಕೂತು ಶರಬತ್ತು ಕುಡಿಯಬೇಕಂತೆ.

ಇಲ್ಲೇ ಕುತ್ತಿಗೆಗೆ ಬಂತು. ನಮ್ಮ ತಾಯಂದಿರು ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಹಣ್ಣಿಗೆ ಮಾತ್ರ ಆ ಕಟ್ಟಿಲ್ಲ, ಯಾರು ಕೊಟ್ಟರೂ ತಿನ್ನುತ್ತಾರೆ. ಹಾಗಾದರೆ ನೀರೇ ಹಾಕದೆ ಬರೀ ಹಣ್ಣಿನ ರಸದ ಶರಬತ್ತು ಮಾಡಿದರೆ? ಮಡಿಯ ವಿಷಯದಲ್ಲಿ ಊರಿಗೇ ಹಿರಿಯರಾದ ವಕೀಲರ ಹೆಂಡತಿಯನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿದರು.

"ನಡೀತದ್ರಿ. ಆದ್ರ ಹಣ್ಣು ತೊಳೀಬ್ಯಾಡ್ರಿ."

ಕೆಂಪು ಬಾಳೆ

ಮೋಸಂಬಿ, ದಾಳಿಂಬೆ ಸಾಕೆಂದಿದ್ದೆ. ಸಾಹುಕಾರರು ಒಪ್ಪಬೇಕಲ್ಲ!

"ಕಮಲಾಪುರದ ಕೆಂಪು ಬಾಳಿಹಣ್ಣಿಲ್ದ ಅದೆಂಥಾ ಶರಬತ್ತ್ರಿ? ನಮ್ಮ ತ್ವಾಟಕ್ಕ ಬರ್ರಿ, ಗೊನಿ ಕೊಡ್ತೀನಿ."

"ಬಾಳಿಹಣ್ಣಿನ್ಯಾಗ ರಸ ಎಲ್ಲಿ ಬರ್ತದ್ರಿ ಸಾಹುಕಾರ್ರ?"

"ಬಿ.ಎ. ಆಗೀರಿ, ಹಿಂಡಾಕ ಬರಲ್ಲೇನು?"

ಚಕ್ಕಡಿಯಲ್ಲಿ ಕಮಲಾಪುರಕ್ಕೆ ಹೋಗಿ, ಮೈಯ ಕೀಲೆಲ್ಲ ಸಡಿಲಾಗಿ, ಗೊನೆ ತಂದೆ. ಹಿಂಡಲು ಬಟ್ಟೆ ಬೇಕಲ್ಲ. ಹೊಸ ಹತ್ತಿ ಬಟ್ಟೆ ಒಗೆಯದೆ ಬಳಸುವಂತಿಲ್ಲ, ಒಗೆದರೆ ಮತ್ತೆ ನೀರು. "ರೇಷ್ಮಿಗಿ ಮೈಲಿಗಿ ಇಲ್ರಿ," ಎಂದು ವಕೀಲರ ಹೆಂಡತಿ ತಮ್ಮ ಹಳೆಯ ಹಸಿರು ಸೀರೆಯನ್ನೇ ಹರಿದುಕೊಟ್ಟರು. ಒಂದು ತುದಿ ಅವರು, ಇನ್ನೊಂದು ತುದಿ ನಾನು ಹಿಡಿದು ಬಟ್ಟೆ ಒಗೆಯುವವರಂತೆ ತಿರುವಿದೆವು. ಬಾಳೆಹಣ್ಣಿನಿಂದ ಒಂದು ಹನಿ ರಸ ಬರಲಿಲ್ಲ. ಸೀರೆಯಿಂದ ಮಾತ್ರ ಬಣ್ಣ ಧಾರಾಳವಾಗಿ ಬಂತು.

ಬರ್ಫ್

ಕೊನೆಗೆ ಬಾಳೆಹಣ್ಣನ್ನು ಕಿವುಚಿ ಮೋಸಂಬಿ ರಸದಲ್ಲೇ ಕಲಸಿದೆ. ಇನ್ನು ತಂಪಾಗಬೇಕು. ರೈಲಿನಲ್ಲಿ ಕಟ್ಟಿಗೆಯ ಹೊಟ್ಟಿನೊಳಗೆ ಹೂತು ಬರ್ಫಿನ ಗಡ್ಡೆ ಬಂತು. ಪಂಚರು ಅದರ ಸುತ್ತ ಕೂತರು.

"ಈ ಬರ್ಫ ಯಾರ ಭಾವಿ ನೀರಿಂದ ಮಾಡ್ಯಾರ?" ಒಬ್ಬರ ಪ್ರಶ್ನೆ.

"ಅದು ನೀರಲ್ರಿ, ಕಲ್ಲಿದ್ದಂಗ," ಎಂದರು ಸಾಹುಕಾರರು.

"ಕಲ್ಲಾದ್ರ ನೀವ್ಯಾಕ ಒಂದ್ ಚೂರು ಬಾಯಾಗ ಇಟ್ಕೊಂಡೀರಿ?"

"ಪರೀಕ್ಷಾ ಮಾಡಾಕತ್ತೀನಿ."

ವಾದ ಬೆಳೆಯಿತು. ಬರ್ಫ್ ನೀರಲ್ಲ ಎಂದು ಕೊನೆಗೂ ಎಲ್ಲರೂ ಒಮ್ಮತದಿಂದ ಠರಾವು ಮಾಡಿದರು. ಆ ಹೊತ್ತಿಗೆ ಅದು ಪೂರ್ತಿ ನೀರಾಗಿತ್ತು.

ಬೇಗಂ ಸಾಹೇಬರು ಬಂದರು

ಉರಿಬಿಸಿಲಲ್ಲಿ ಬಂದರು, ಪರದೆಯ ಒಳಗೆ ತಾಯಂದಿರ ನಡುವೆ ಕೂತರು. ಎಲ್ಲರ ಮುಂದೆ ಲೋಟ. ಬೇಗಂ ಸಾಹೇಬರು ಹೈದರಾಬಾದಿನ ಮರ್ಯಾದೆಯವರು: "ಪೆಹಲೇ ಆಪ್." ನಮ್ಮವರು ಅತಿಥಿ ಕುಡಿಯದೆ ಲೋಟ ಮುಟ್ಟುವವರಲ್ಲ: "ಇಲ್ರಿ, ಮೊದಲ ನೀವು." ಇವರು ಅವರಿಗೆ, ಅವರು ಇವರಿಗೆ ಹೇಳುತ್ತಾ ಹೋದಂತೆ ಬಾಳೆಹಣ್ಣು ತನ್ನ ಕೆಲಸ ಮಾಡಿತು. ಕಪ್ಪಾಯಿತು, ದಪ್ಪಾಯಿತು, ಲೋಟದ ತಳ ಹಿಡಿದು ಕೂತಿತು.

ಕೊನೆಗೆ ಬೇಗಂ ಸಾಹೇಬರೇ ಸೋತು ಲೋಟವನ್ನು ತುಟಿಗಿಟ್ಟು ಎತ್ತಿದರು. ಏನೂ ಬೀಳಲಿಲ್ಲ. ಇನ್ನಷ್ಟು ಎತ್ತಿದರು. ಅದನ್ನು ಕಂಡು ತಾಯಂದಿರೂ ಎತ್ತಿದರು. ಇಡೀ ಸಭೆ ಬಾಯಿ ತೆರೆದು, ಲೋಟ ಬೋರಲು ಹಿಡಿದು, ಮಳೆ ಕಾಯುವವರ ಹಾಗೆ ಮೇಲೆ ನೋಡುತ್ತ ಕೂತಿತು.

"ಟೀಚರ್ ಬಾಯಿ, ಇದಕ್ಕೆ ಥೋಡಾ ಪಾನಿ..." ಎಂದರು ಬೇಗಂ ಸಾಹೇಬರು ಮೆಲ್ಲಗೆ.

ಯಾರೂ ಏಳಲಿಲ್ಲ. ಯಾರ ಮನೆಯ ಪಾನಿ? ನಾನು ತಲೆ ತಗ್ಗಿಸಿ ನಿಂತೆ. ಬೇಗಂ ಸಾಹೇಬರ ಕಣ್ಣು ತುಂಬಿಬಂತು.

"ಹಾಯ್ ಅಲ್ಲಾ! ಶರಬತ್ತಿಗೂ ನೀರಿಲ್ಲದ ಶಾಲೆ!"

ಐದನೇ ಜಮಾತಿನ ಮಾತೆತ್ತಲು ಬಾಯಿ ತೆರೆದೆ. ಅವರು ನನ್ನ ಕೈ ಹಿಡಿದು, "ಕುಛ್ ನಕ್ಕೋ ಬೋಲೋ," ಎಂದರು. ಏನೂ ಹೇಳಬೇಡ, ಎಲ್ಲ ತಿಳಿಯಿತು, ಬೇಕಾದದ್ದು ಕೊಡಿಸುತ್ತೇನೆ ಎಂಬಂತೆ.

ಮಾತಿಗೆ ತಪ್ಪದ ಹೆಂಗಸು. ಮುಂದಿನ ತಿಂಗಳೇ ಹುಕುಂ ಬಂತು: ಶಾಲೆಗೆ ಒಂದು ಭಾವಿ ಮಂಜೂರು. ಐದನೇ ಜಮಾತಿನ ಸುದ್ದಿಯೇ ಇಲ್ಲ. ಅಂಗಳದಲ್ಲಿ ಖಾಲಿ ಇದ್ದದ್ದು ಐದನೇ ಜಮಾತಿನ ಕೋಣೆಗೆಂದು ನಾನು ಗೂಟ ಹೊಡೆಸಿದ್ದ ಜಾಗವೊಂದೇ. ಅಲ್ಲೇ ತೋಡಿದರು.

ನೀರು ಬಿದ್ದ ದಿನ ಸಾಹುಕಾರರು ಮೊಮ್ಮಗಳ ಲಗ್ನಕ್ಕೆ ಕರೆಯಲು ಬಂದರು. ನನ್ನ ಕೈಗೆ ಅಕ್ಷತೆ ಕೊಟ್ಟು, ಭಾವಿಯ ದಂಡೆಗೆ ಹೋಗಿ, ರುಮಾಲು ಬೀಳದ ಹಾಗೆ ಹಿಡಿದುಕೊಂಡು ಒಳಗೆ ಇಣುಕಿದರು.

"ಅಕ್ಕೋರ, ನಿಮ್ಮ ಐದನೇ ಜಮಾತು ಭಾಳ ಆಳ ಆತ್ರಿ," ಎಂದರು. "ಹೆಣ್ಣಹುಡುಗಿಗಿ ಇಷ್ಟೆಲ್ಲಾ ಯಾಕ ಬೇಕು?"