ಗೇಂದಾಲಾಲರ ಬಾಣಲೆ

ಹೇಮಂತ ಪಗಾರೆಯ ಬಳಿ ಉಳಿದಿದ್ದದ್ದು ಬರೀ ಮೂವತ್ತು ಪಾಯಿಂಟು. ಇಂದೋರಿನ ಆ ಬಿಸಿನೆಸ್ ಸ್ಕೂಲಿನಲ್ಲಿ ಯಾವುದನ್ನೂ ಸುಮ್ಮನೆ ಕೊಡುವುದಿಲ್ಲ. ವರ್ಷದ ಆರಂಭದಲ್ಲಿ ತಲೆಗೆ ನೂರು ಪಾಯಿಂಟು ಹಂಚುತ್ತಾರೆ. ಬೇಕಾದ ಪಾಠಕ್ಕೆ, ಬೇಕಾದ ಪ್ರಾಜೆಕ್ಟಿಗೆ ಅದನ್ನೇ ಹರಾಜಿನಂತೆ ಕೂಗಬೇಕು. ಹೇಮಂತ ಎಪ್ಪತ್ತನ್ನು ಜಾಹೀರಾತಿನ ಪಾಠಕ್ಕೆ ಸುರಿದು, ಅದರಲ್ಲಿ ಫೇಲೂ ಆಗಿದ್ದ. ಈಗ ಕನ್ಸಲ್ಟಿಂಗ್ ಪ್ರಾಜೆಕ್ಟಿನಲ್ಲೂ ಎಡವಿದರೆ ಇಡೀ ವರ್ಷ ಮತ್ತೆ ಓದಬೇಕಿತ್ತು.

ಪಟ್ಟಿಯಲ್ಲಿ ಸುಲಭದ್ದು ಒಂದೇ: ಗೇಂದಾಲಾಲ್ ಸೇವ್ ಭಂಡಾರ್. ಗೇಟಿನಿಂದ ಐದು ನಿಮಿಷದ ನಡಿಗೆ. ಆರು ವಾರ ಅಂಗಡಿಯಲ್ಲಿ ಕೂತು, ಕಡಲೆಹಿಟ್ಟಿನಲ್ಲಿ ಕರಿದ ಲವಂಗದ ಸೇವ್ ಮೆಲ್ಲುತ್ತಾ, ವ್ಯಾಪಾರ ಹೆಚ್ಚಿಸಲು ನಾಲ್ಕು ಸಲಹೆ ಬರೆದುಕೊಟ್ಟರೆ ಪಾಸು. ಉಳಿದವೆಲ್ಲ ಸಿಮೆಂಟು ಗೋದಾಮು, ಲಾರಿ ಆಫೀಸು. ಅಲ್ಲಿ ಲೆಕ್ಕ ಬರಬೇಕು, ಹೇಮಂತನಿಗೆ ಲೆಕ್ಕ ಕಂಡರೆ ಜ್ವರ.

ಬೆಳಿಗ್ಗೆ ಮೆಸ್ಸಿನಲ್ಲಿ ಪೋಹಾ ತಿನ್ನುತ್ತಾ ರೂಮಿನ ಜೊತೆಗಾರ ಲೋಕೇಶ್ ಪಾಟೀದಾರ್ ಸುದ್ದಿ ತಂದ. "ಭಿಯಾ, ಸೇವ್ ಅಂಗಡಿಗೆ ಚಾರು ತೊಂಬತ್ತು ಹಾಕ್ತಾಳಂತೆ. ನಾನು ಎಂಬತ್ತು. ನಿಂದೆಷ್ಟು?"

ಅದರ ಮುಂದೆ ಹೇಮಂತನ ಮೂವತ್ತು ಯಾವ ಮೂಲೆಗೂ ಸಾಲದು. ಮರುಕ್ಷಣ ಬಾಯಿ ತಾನಾಗಿ ಓಡಿತು. "ನಾನಂತೂ ಆ ಕಡೆ ತಲೆ ಹಾಕಲ್ಲಪ್ಪ. ಆ ಮುದುಕ ಹುಡುಗರನ್ನ ಬಾಣಲೆ ಮುಂದೆ ನಿಲ್ಲಿಸಿ ಸೇವ್ ಕರಿಸ್ತಾನಂತೆ."

"ಯಾರು ಹೇಳಿದ್ರು?"

"ಎಲ್ಲರೂ ಹೇಳ್ತಾರೆ."

ಇಷ್ಟು ಸಾಕಾಯಿತು. ಲೋಕೇಶನ ಹೊಟ್ಟೆಯಲ್ಲಿ ಪೋಹಾ ನಿಂತೀತು, ಮಾತು ನಿಲ್ಲುವುದಿಲ್ಲ. ಹತ್ತು ಗಂಟೆಗೆ ಲೈಬ್ರರಿಯಲ್ಲಿ ಹೇಮಂತನ ಕಿವಿಗೇ ಬಿತ್ತು: ಹೋದ ವರ್ಷದ ಹುಡುಗನೊಬ್ಬನ ಹುಬ್ಬು ಸುಟ್ಟುಹೋಯಿತಂತೆ. ಹನ್ನೆರಡಕ್ಕೆ ಎರಡೂ ಹುಬ್ಬು, ಜೊತೆಗೆ ಮೀಸೆ. ಊಟದ ಹೊತ್ತಿಗೆ ಆ ಹುಡುಗ ಓದು ಬಿಟ್ಟು ರತ್ಲಾಮಿನ ರೈಲು ಹತ್ತಿಯಾಗಿತ್ತು. ಕಡ್ಡಿ ಗುಡ್ಡವಾಗುವುದನ್ನು ಹೇಮಂತ ತಂದೆಯ ಹೆಮ್ಮೆಯಿಂದ ನೋಡುತ್ತಿದ್ದ.

ಮೂರು ಗಂಟೆಗೆ, ತೊಂಬತ್ತು ಹಾಕಬೇಕಿದ್ದ ಸಹಪಾಠಿ ಚಾರು ಜೋಶಿಯೇ ಹುಡುಕಿಕೊಂಡು ಬಂದಳು. "ಹೇಮಂತ, ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ, ಆ ಸೇವ್ ಅಂಗಡಿ ಮುಟ್ಟಬೇಡ. ರಾತ್ರಿ ಗೋಣಿ ಮೇಲೆ ಮಲಗಿಸ್ತಾರಂತೆ. ನೀನು ಮೊದಲೇ ಸಣಕಲ."

ಅವಳು ಹೇಳಿದ ರೀತಿಗೆ ಹೇಮಂತನಿಗೂ ಕ್ಷಣಕಾಲ ಭಯವಾಯಿತು. ಬೆವರು ಒರೆಸಿಕೊಂಡು, ಸುಳ್ಳು ತನ್ನದೇ ಎಂದು ನೆನಪಿಸಿಕೊಂಡು, ಹರಾಜು ಮುಗಿಯುವ ನಾಲ್ಕು ಗಂಟೆಗೆ ಐದು ನಿಮಿಷವಿರುವಾಗ ತನ್ನ ಮೂವತ್ತನ್ನೂ ಗೇಂದಾಲಾಲರ ಮೇಲೆ ಹಾಕಿದ. ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು.

ಐದಕ್ಕೆ ಪ್ರಾಜೆಕ್ಟು ನೋಡಿಕೊಳ್ಳುವ ದುಬೆ ಮೇಡಂ ಕರೆಸಿದರು. ಅವರ ಕೋಣೆಯಲ್ಲಿ ಬಿಳಿ ಮೀಸೆಯ ಮುದುಕರೊಬ್ಬರು ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದರು. ಅವರೇ ಗೇಂದಾಲಾಲ್.

"ಅರವತ್ತು ಜನರಲ್ಲಿ ನಿಮ್ಮ ಅಂಗಡಿ ಆರಿಸಿಕೊಂಡವನು ಇವನೊಬ್ಬನೇ," ಅಂದರು ಮೇಡಂ.

ಮುದುಕರು ಎದ್ದು ಬಂದು ಹೇಮಂತನನ್ನು ತಬ್ಬಿಕೊಂಡರು. "ನೀನಾದ್ರೂ ನಂಬಿದೆಯಲ್ಲಪ್ಪ! ನಿಮ್ಮ ಮೆಸ್ಸಿನ ಅಡುಗೆಯವನು ಸೇವ್ ತಗೊಳ್ಳೋಕೆ ಬಂದು, 'ಕಾಕಾ, ಹುಡುಗರನ್ನ ಸುಡ್ತೀರಂತಲ್ಲ' ಅಂತ ಗಿರಾಕಿಗಳ ಮುಂದೆ ಕೇಳಿದ. ನಲವತ್ತು ವರ್ಷದ ಮರ್ಯಾದೆ ಒಂದು ಮಧ್ಯಾಹ್ನದಲ್ಲಿ ಹೋಯ್ತು."

ಹೇಮಂತನಿಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೆ ಬಾಯಿ ಬಿಡುವಷ್ಟು ಆಗಲಿಲ್ಲ.

"ಅದಕ್ಕೇ ಪ್ರಾಜೆಕ್ಟು ಬದಲಾಯಿಸಿದ್ದೀವಿ," ಮೇಡಂ ಹೇಳಿದರು. "ವ್ಯಾಪಾರದ ವಿಚಾರ ಆಮೇಲೆ. ಈ ಮಾತು ಯಾರ ಬಾಯಿಂದ ಯಾರ ಬಾಯಿಗೆ ಹೋಯ್ತು ಅಂತ ಒಬ್ಬೊಬ್ಬರನ್ನೇ ಕೇಳಿ, ಮೊದಲು ಹುಟ್ಟಿಸಿದವನ ಹೆಸರು ತರಬೇಕು. ತರದಿದ್ರೆ ನೀನು ಫೇಲು."

"ತಂದ್ರೆ ಮೇಡಂ?"

"ತಂದ್ರೆ ನೀನು ಪಾಸು. ಅವನನ್ನ ಕಾಲೇಜಿಂದ ಓಡಿಸ್ತೀವಿ."

ಹೇಮಂತ ಬಾಗಿಲ ಕಡೆ ನೋಡಿದ. ಗೇಂದಾಲಾಲರು ಒಂದು ಕಿಲೋ ಸೇವ್ ಅವನ ಕೈಗಿಟ್ಟು ಬೆನ್ನು ತಟ್ಟಿದರು.

"ಹೆದರಬೇಡ ಮಗಾ, ನಾನೂ ಜೊತೆಗೆ ಬರ್ತೀನಿ. ನಡಿ, ಮೊದಲು ನಿನ್ನ ರೂಮಿನವನನ್ನೇ ಕೇಳೋಣ."