ಮುನ್ನೂರು ಎಂಬಿಪಿಎಸ್ ಮತ್ತು ಹನ್ನೆರಡೂವರೆ ಬಸ್ಸು

ಹೊಸನಗರದಲ್ಲಿ ಬುದ್ಧಿ ಇರುವವರು ಕಡಿಮೆ ಎಂಬುದು ನನ್ನ ಹಳೆಯ ಅಭಿಪ್ರಾಯ. ಊರಿನವರು ಒಪ್ಪುವುದಿಲ್ಲ. ಒಪ್ಪುವುದಕ್ಕೂ ಸ್ವಲ್ಪ ಬುದ್ಧಿ ಬೇಕಲ್ಲ! ನಾನು ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೌತಶಾಸ್ತ್ರ ಹೇಳಿಕೊಡುತ್ತಿರುವ ಉಪನ್ಯಾಸಕ, ಹೆಸರು ನಿರಂಜನ. ಬೆಳಕನ್ನೇ ಗಾಜಿನ ಎಳೆಯಲ್ಲಿ ಹಾಯಿಸಿ ಮನೆಯೊಳಗೆ ತರುವ ಫೈಬರ್ ಸಂಪರ್ಕವನ್ನು ನಾನು ಹಾಕಿಸಿಕೊಂಡಾಗ ಅದರ ಘನತೆ ತಿಳಿದವನು ಇಡೀ ಬೀದಿಯಲ್ಲಿ ನಾನೊಬ್ಬನೇ. ಮುನ್ನೂರು ಎಂಬಿಪಿಎಸ್, ಸ್ವಾಮಿ! ಪಕ್ಕದ ಮನೆಯ ಪೂರ್ಣೇಶ್ ಬೇಲಿ ಮೇಲಿಂದ ಇಣುಕಿ, "ಅಷ್ಟೆಲ್ಲ ಸ್ಪೀಡ್ ಇಟ್ಕೊಂಡು ಎಂತ ಮಾಡ್ತೀರಿ ಸಾರ್?" ಎಂದು ಕೇಳಿದ. ಇಂಥವರ ನಡುವೆ ಬದುಕಬೇಕು ನೋಡಿ.

ಮನೆಯೊಳಗೂ ಅದೇ ಕತೆ. ರೂಟರಿನ ಹಸಿರು ದೀಪ ಮಿಣಮಿಣ ಮಿಟುಕುವುದನ್ನು ಕಂಡ ನನ್ನ ತಾಯಿ ಗುತ್ಯಮ್ಮ, "ಊರೋರ ಕಣ್ಣು ಬೀಳ್ತದೆ ಮಗಾ" ಎಂದು ಒಂದು ನಿಂಬೆಹಣ್ಣಿಗೆ ನಾಲ್ಕು ಹಸಿಮೆಣಸು ಸೇರಿಸಿ ದಾರದಲ್ಲಿ ಪೋಣಿಸಿ ಅದಕ್ಕೆ ಕಟ್ಟಿದಳು. ನಾನು ಬಿದ್ದು ಬಿದ್ದು ನಕ್ಕೆ. ಕಾಲೇಜಿಗೆ ಹೋಗಿ ಅಲ್ಲಿಯೂ ಹೇಳಿ ನಗಿಸಿದೆ. ಆದರೂ ಕಣ್ಣು ಹಾಕುವವರು ಅಂತರ್ಜಾಲದಲ್ಲಿ ಇದ್ದೇ ಇದ್ದಾರಲ್ಲ? ಅದೇ ಸಂಜೆ ನನ್ನ ಬ್ರೌಸರಿಗೆ 'ಕವಚ' ಎಂಬ ಒಂದು ಪುಕ್ಕಟೆ ರಕ್ಷಣೆಯನ್ನು ನಾನೇ ಅಂಟಿಸಿದೆ. (ನಾವು ಎಲ್ಲಿದ್ದೇವೆಂದು ಕಳ್ಳರಿಗೆ ತಿಳಿಯದಂತೆ ಅದು ಮರೆಮಾಡುತ್ತದಂತೆ. ಇದು ವಿಜ್ಞಾನ. ನಿಂಬೆಹಣ್ಣಿನ ಜೊತೆ ಹೋಲಿಸಬೇಡಿ.)

ಇನ್ನು ನನ್ನ ಹೆಂಡತಿ ಸುಮನಾ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯನ್ನು ಚಿತ್ತಾರ ಬರೆದು ಸಿಂಗರಿಸುವುದರಲ್ಲಿ ಅವಳನ್ನು ಮೀರಿಸುವವರು ಸಾಗರ ಸೀಮೆಯಲ್ಲೂ ಇಲ್ಲ. (ಇದು ಬೈಗುಳವಲ್ಲ, ನಿಜ.) ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಗೆರೆ ಎಳೆಯುತ್ತಾ ಈ ಸಲ ಹದಿನೆಂಟು ದಿನ ಕೂತಿದ್ದಳು. ಪಕ್ಕದಲ್ಲಿ ಅಮ್ಮನ ಹಾಡು. ಇದೆಲ್ಲದರ ವೀಡಿಯೋ ಕಳಿಸಿದವರಲ್ಲಿ ಐವರನ್ನು ದೆಹಲಿಯ ಕರಕುಶಲ ಮೇಳಕ್ಕೆ ಆರಿಸುತ್ತೇವೆಂದು ಶಿವಮೊಗ್ಗದ ಒಂದು ಕಲಾಸಂಘ ಪ್ರಕಟಿಸಿತ್ತು. ವೆಬ್‌ಸೈಟಿಗೆ ಹಾಕಬಹುದು, ಇಲ್ಲವೇ ಪೆನ್‌ಡ್ರೈವಿನಲ್ಲಿ ತಂದು ಕೊಡಬಹುದು. ಕೊನೆಯ ದಿನ ಶುಕ್ರವಾರ, ಸಂಜೆ ಐದು ಗಂಟೆ.

ಶುಕ್ರವಾರ ಬೆಳಿಗ್ಗೆ ದೋಸೆ ಹುಯ್ಯುತ್ತಾ ಸುಮನಾ ಹೇಳಿದಳು, "ರೀ, ಪೆನ್‌ಡ್ರೈವ್ ಹನ್ನೆರಡೂವರೆ ಬಸ್ಸಿಗೆ ಕೊಟ್ಬಿಡ್ತೀನಿ. ಕಂಡಕ್ಟರ್ ಕೆರಿಯಪ್ಪ ತಗೊಂಡು ಹೋಗ್ತಾನೆ. ಶಿವಮೊಗ್ಗದಲ್ಲಿ ನಮ್ಮಣ್ಣ ಬಸ್‌ಸ್ಟ್ಯಾಂಡಿಗೆ ಬಂದು ಇಸ್ಕೊಳ್ತಾನೆ."

ನನಗೆ ದೋಸೆ ಗಂಟಲಲ್ಲಿ ನಿಂತಿತು. ಔಷಧಿ, ಜಾತಕ, ಮಿಡಿ ಉಪ್ಪಿನಕಾಯಿ, ಮರೆತುಬಂದ ಹಲ್ಲಿನ ಸೆಟ್ಟು, ಎಲ್ಲವನ್ನೂ ಕಂಡಕ್ಟರ್ ಕೈಲಿ ಕೊಟ್ಟು ಕಳಿಸುವುದು ನಮ್ಮ ಕಡೆಯ ಅನಾಗರಿಕ ಪದ್ಧತಿ. ಮುನ್ನೂರು ಎಂಬಿಪಿಎಸ್ ಇರುವ ಮನೆಯಿಂದ ಬಸ್ಸಿಗೆ ವೀಡಿಯೋ?

"ಮಾನ ಕಳೀಬೇಡ ಮಾರಾಯ್ತಿ! ನಾಲ್ಕು ಕಡೆ ನಿಂತು, ರಿಪ್ಪನ್‌ಪೇಟೆಯಲ್ಲಿ ಟೀ ಕುಡ್ದು ಹೋಗೋ ಡಕೋಟ ಬಸ್ಸು ಅದು. ನಾನು ಕಾಲೇಜಿಗೆ ರಜೆ ಹಾಕಿದೀನಿ. ನೀನು ಕಣ್ಣು ಮಿಟುಕಿಸೋದ್ರೊಳಗೆ ಕಳಿಸ್ತೀನಿ."

"ಮೊದ್ಲ ಸಲ ಕಣ್ರೀ ನನ್ನ ಹೆಸರಲ್ಲಿ ಒಂದು ಅರ್ಜಿ ಹೋಗ್ತಿರೋದು. ಹದಿನೆಂಟು ದಿನ ಬೆನ್ನು ಮುರ್ಕೊಂಡಿದೀನಿ. ತಪ್ಪೋದ್ರೆ?"

"ಬೆಳಕು ತಪ್ತದೇನೇ?" ಎಂದೆ, ಮಹಾ ಗಾಂಭೀರ್ಯದಿಂದ.

ಒಂಬತ್ತಕ್ಕೆ ಗುಂಡಿ ಒತ್ತಿದೆ. ಹತ್ತಕ್ಕೆ ಪರದೆ ಹೇಳಿತು: ಶೇಕಡಾ ಎರಡು. ಉಳಿದಿರುವ ಸಮಯ, ನಲವತ್ತೊಂದು ಗಂಟೆ.

ನಾನು ಮೊಬೈಲಿನಲ್ಲಿ ವೇಗ ಅಳೆದೆ. ಮುನ್ನೂರಾ ನಾಲ್ಕು! ಅದೇ ಮನೆ, ಅದೇ ವೈಫೈ, ಕಂಪ್ಯೂಟರಿನ ಬ್ರೌಸರಿನಲ್ಲಿ ಮಾತ್ರ ಬಸವನಹುಳು. ಅದರ ಮೇಲೆ ಆ ದರಿದ್ರ ಬ್ರೌಸರು ಪುಟದ ಪಕ್ಕದಲ್ಲಿ ನನಗೆ ಹಿಮದಲ್ಲಿ ಜಾರುವ ಬೂಟುಗಳ ಜಾಹೀರಾತು ತೋರಿಸುತ್ತಿತ್ತು. ಆಗುಂಬೆ ಪಕ್ಕದಲ್ಲಿ ಕೊಡೆ ಮಾರುವುದು ಬಿಟ್ಟು ಹಿಮದ ಬೂಟು ಮಾರುತ್ತಾರಲ್ಲ, ಈ ಕಂಪನಿಗಳಿಗೆ ತಲೆ ಇದೆಯೇ ಎಂದು ಗಟ್ಟಿಯಾಗಿ ನಕ್ಕೆ. ಸುಮನಾ ನಗಲಿಲ್ಲ. ಬಗ್ಗಿ ಆ ಬೂಟುಗಳನ್ನೇ ಸ್ವಲ್ಪ ಹೊತ್ತು ನೋಡಿದಳು.

"ಇದೇನ್ರೀ, ಬರೆದಿರೋ ಅಕ್ಷರದ ಮೇಲೆಲ್ಲ ಎರಡೆರಡು ಚುಕ್ಕಿ?"

"ಅದು ನಿಂಗೆ ಅರ್ಥ ಆಗಲ್ಲ. ಹೋಗಿ ಸಾರು ನೋಡು."

ಹನ್ನೊಂದಕ್ಕೆ ಶೇಕಡಾ ನಾಲ್ಕು. ರೂಟರ್ ಆರಿಸಿ ಹಚ್ಚಿದೆ. ಮತ್ತೆ ಸೊನ್ನೆಯಿಂದ ಶುರು. ತಂತಿ ಕಿತ್ತು ಸಿಕ್ಕಿಸಿದೆ. ಮತ್ತೆ ಸೊನ್ನೆ. ಕೊನೆಗೆ ನನ್ನ ದೃಷ್ಟಿ ನಿಂಬೆಹಣ್ಣಿನ ಮೇಲೆ ಬಿತ್ತು. (ವಿಜ್ಞಾನದಲ್ಲಿ ಯಾವ ಸಾಧ್ಯತೆಯನ್ನೂ ಬಿಡಬಾರದು.) "ನಿನ್ನ ಈ ಮೂಢನಂಬಿಕೆ ತರಂಗಕ್ಕೆ ಅಡ್ಡ ಬರ್ತಿದೆ ಅಮ್ಮಾ!" ಎಂದು ಕಿತ್ತು ಅಂಗಳಕ್ಕೆ ಎಸೆದೆ. ಅಮ್ಮ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು. ನನಗೆ ಒಂದು ಗಳಿಗೆ ಕೆಟ್ಟದೆನಿಸಿತು. ವೇಗವಂತೂ ಕೂದಲೆಳೆಯಷ್ಟೂ ಹೆಚ್ಚಲಿಲ್ಲ.

ಹನ್ನೆರಡು ದಾಟಿದ ಮೇಲೆ ಸುಮನಾ ಕೈಚೀಲ ಹಿಡಿದು, "ಗಿರಣಿಗೆ ಹೋಗ್ಬರ್ತೀನಿ" ಎಂದಳು. ಮನೆಗೆ ಬೆಂಕಿ ಬಿದ್ದಾಗ ಹಿಟ್ಟು ಬೀಸಿಸಲು ಹೋಗುವ ಈ ಹೆಂಗಸರ ಬುದ್ಧಿಗೆ ಏನು ಹೇಳುವುದು? ತಿರುಗಿ ಕೂಡ ನೋಡಲಿಲ್ಲ ನಾನು.

ಮಧ್ಯಾಹ್ನವಿಡೀ ಶೇಕಡಾವಾರು ನೋಡುತ್ತಾ ಕೂತೆ. ಒಳಗೊಳಗೆ ಹೆದರಿಕೆ ಶುರುವಾಗಿತ್ತು. ಅವಳಿಗೆ ಏನೆಂದು ಮುಖ ತೋರಿಸಲಿ? ನಾಲ್ಕಕ್ಕೆ ಶೇಕಡಾ ಹನ್ನೆರಡಾದಾಗ ಹೆದರಿಕೆಯೆಲ್ಲ ಸಿಟ್ಟಾಗಿ ಫೈಬರ್ ಕಂಪನಿಯ ಕಡೆಗೆ ತಿರುಗಿತು. ಅದೇ ಬ್ರೌಸರಿನಲ್ಲಿ ಅವರ ದೂರು ಪೆಟ್ಟಿಗೆ ತೆರೆದು ನಾಲ್ಕು ಪ್ಯಾರಾ ಕುಟ್ಟಿದೆ. 'ತಮ್ಮ ಸಂಸ್ಥೆಯ ಅಸಾಮರ್ಥ್ಯ, ಔದಾಸೀನ್ಯ ಮತ್ತು ಅಜ್ಞಾನಗಳ ತ್ರಿವೇಣಿ ಸಂಗಮ' ಎಂದೆಲ್ಲ ಬರೆದಿದ್ದೆ. ಬರೆಯುತ್ತಾ ಗಟ್ಟಿಯಾಗಿ ಓದಿದೆ, ಮನೆಯವರಿಗೂ ತಿಳಿಯಲಿ ಎಂದು.

"ಕುಣಿಯಾಕೆ ಬಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ಅಡುಗೆಮನೆಯಿಂದ ಅಮ್ಮನ ಧ್ವನಿ ಬಂತು.

ಅಷ್ಟರಲ್ಲಿ, ಆಗಲೇ ಗಿರಣಿಯಿಂದ ವಾಪಸು ಬಂದಿದ್ದ ಸುಮನಾಳ ಫೋನು ಹೊಡೆದುಕೊಂಡಿತು. ಶಿವಮೊಗ್ಗದಿಂದ ಅವಳ ಅಣ್ಣ ಶಿವಮೂರ್ತಿ. ಆತನ ದನಿ ಫೋನಿನಿಂದ ಹೊರಗೂ ಕೇಳುತ್ತಿತ್ತು. "ಕೊಟ್ಟೆ ಕಣೇ! ವೀಡಿಯೋ ಹಾಕಿ ನೋಡಿದ್ರು. ನಿಮ್ಮತ್ತೆಯೋರ ಹಾಡು ಕೇಳಿ ಆಫೀಸಲ್ಲಿ ಇದ್ದೋರೆಲ್ಲ ಎದ್ದು ಬಂದ್ರು. ರಸೀದಿ ಇದೆ ನನ್ನ ಹತ್ರ."

ಗಿರಣಿ ಎಲ್ಲಿತ್ತು, ಯಾರು ಏನನ್ನು ಬೀಸಿಸಿಕೊಂಡು ಬಂದರು ಎಂಬುದು ಆಗ ನನಗೆ ತಿಳಿಯಿತು. ಆ ಡಕೋಟ ಬಸ್ಸು ನಾಲ್ಕು ಕಡೆ ನಿಂತು, ಟೀ ಕುಡಿದು, ನನ್ನ ಬೆಳಕಿಗಿಂತ ಒಂದೂವರೆ ದಿನ ಮೊದಲು ಮುಟ್ಟಿತ್ತು. ಆದರೂ ಸೋಲೊಪ್ಪುವ ಜಾತಿಯಲ್ಲ ನಾನು. "ಇರು, ಕಂಪನಿಯವರ ಉತ್ತರ ಬರ್ಲಿ. ಕಾಲಿಗೆ ಬೀಳ್ತಾರೆ ನೋಡ್ತಿರು" ಎಂದೆ.

ಉತ್ತರ ಬಂದೇಬಿಟ್ಟಿತು. ಸುಮನಾ ನನ್ನ ಹೆಗಲ ಮೇಲಿಂದ ಬಗ್ಗಿ ಓದಿ, ಅಮ್ಮನಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದಳು. "ಮಾನ್ಯರೇ, ನೀವು ಫಿನ್‌ಲ್ಯಾಂಡ್ ದೇಶದಿಂದ ದೂರು ಕೊಡ್ತಿದೀರಿ. ಕ್ಷಮಿಸಿ, ಆ ದೇಶದಲ್ಲಿ ನಮ್ಮ ಸಂಪರ್ಕ ಇಲ್ಲ." ಓದಿ ಮುಗಿಸಿ ಕೇಳಿದಳು, "ಫಿನ್‌ಲ್ಯಾಂಡ್ ಎಲ್ಲಿ ಬರ್ತದ್ರೀ? ತುಮರಿ ಹಿನ್ನೀರು ದಾಟಿ ಹೋಗ್ಬೇಕಾ?"

'ಕವಚ'ದ ಮೇಲೆ ಒತ್ತಿದೆ. ಫಿನ್‌ಲ್ಯಾಂಡಿನ ಬಾವುಟ ಹಲ್ಲು ಕಿರಿಯಿತು. ಹಿಮದ ಬೂಟು, ಎರಡೆರಡು ಚುಕ್ಕಿಯ ಅಕ್ಷರ, ಎಲ್ಲ ಅಲ್ಲಿಯವೇ. ನನ್ನನ್ನು ಕಳ್ಳರಿಂದ ಮರೆಮಾಡಲು ಆ ಪುಕ್ಕಟೆ ರಕ್ಷಣೆ ಬ್ರೌಸರಿನಿಂದ ಹೊರಟಿದ್ದನ್ನೆಲ್ಲ ಫಿನ್‌ಲ್ಯಾಂಡಿಗೆ ಒಯ್ದು, ಅಲ್ಲಿ ಲೋಕದ ಜಿಪುಣರೆಲ್ಲರ ಹಿಂದೆ ಸಾಲಿನಲ್ಲಿ ನಿಲ್ಲಿಸಿ, ಆಮೇಲೆ ಶಿವಮೊಗ್ಗಕ್ಕೆ ಕಳಿಸುತ್ತಿತ್ತು. ಅದನ್ನು ತೆಗೆದುಹಾಕಿದೆ. ವೇಗ ಮುನ್ನೂರಕ್ಕೆ ನೆಗೆಯಿತು.

"ಅದನ್ನ ಕಟ್ಟಿದ್ದು ಯಾರು?" ಎಂದಳು ಅಮ್ಮ.

"...ನಾನೇ."

"ಎಂತಕ್ಕೆ?"

"ಕಣ್ಣು ಬೀಳಬಾರ್ದು ಅಂತ."

ಅಮ್ಮ ಅಂಗಳಕ್ಕೆ ಇಳಿದು, ನಾನು ಎಸೆದಿದ್ದ ನಿಂಬೆಹಣ್ಣನ್ನು ಹುಡುಕಿ ತಂದು, ಸೆರಗಿನಿಂದ ಮಣ್ಣು ಒರೆಸಿದಳು. ರೂಟರಿಗೆ ಕಟ್ಟುತ್ತಾಳೆಂದು ನಾನು ಎದ್ದು ದಾರಿ ಬಿಟ್ಟೆ. "ಕೂತ್ಕ" ಎಂದಳು. ಕೂತೆ. ನನ್ನ ಕುರ್ಚಿಯ ಬೆನ್ನಿಗೆ ಅದನ್ನು ಬಿಗಿಯಾಗಿ ಕಟ್ಟಿದಳು. "ಊರೋರ ಕಣ್ಣು ಅಂದ್ಕೊಂಡಿದ್ದೆ. ಮನೆಯೋನ್ದೇ."

ತಿಂಗಳು ಕಳೆದ ಮೇಲೆ ಪತ್ರ ಬಂತು. ಐವರಲ್ಲಿ ಸುಮನಾ ಒಬ್ಬಳು! ದೆಹಲಿಗೆ ಹೋಗುವವರ ಒಂದು ಫೋಟೋ ಕೂಡಲೇ ಕಳಿಸಬೇಕಂತೆ. ನಾನು ಖುಷಿಯಿಂದ ಕಂಪ್ಯೂಟರಿನ ಮುಂದೆ ಕೂತು, "ಕೊಡೇ ಇಲ್ಲಿ! ಈಗೆಲ್ಲ ಸರಿಯಾಗಿದೆ, ಒಂದು ಸೆಕೆಂಡು ಸಾಕು" ಎಂದು ಕೈಚಾಚಿದೆ.

"ಗೊತ್ತು" ಎಂದು ಫೋಟೋವನ್ನು ಲಕೋಟೆಗೆ ಹಾಕಿ ಸುಮನಾ ಚಪ್ಪಲಿ ಮೆಟ್ಟಿದಳು. "ಹನ್ನೆರಡೂವರೆಗೆ ಬಸ್ ಬರ್ತದೆ."