ನಿಕ್ಕಲ್ ಪುಡಿಯೂ ಎರಡನೇ ಒಲೆಯೂ

ದುಡಿದೂ ಸವೆಯದ ವಸ್ತುವನ್ನು ನಾನು ನಂಬುವವಳಲ್ಲ. ಒರಳು ಸವೆಯುತ್ತದೆ, ಮಚ್ಚು ಸವೆಯುತ್ತದೆ, ನನ್ನ ಹಲ್ಲಂತೂ ಸವೆದು ಮುಗಿದವು. ಆದರೆ ನಮ್ಮ ಮನೆಯಿಂದಲೇ ತಿಪಟೂರಿನ ಕಾಲೇಜಿಗೆ ಹೋಗುವ ಮಗಳ ಮಗಳು ಗಿರಿಜ ಒಂದು ದಿನ ಪಾಠ ಓದುತ್ತಾ ಬೇರೆಯೇ ಹೇಳಿದಳು. "ಅಜ್ಜಿ, ವನಸ್ಪತಿ ಮಾಡೋಕೆ ಎಣ್ಣೆ ಜೊತೆ ಒಂದು ಗಾಳಿ ಸೇರಬೇಕು. ಸುಮ್ನೆ ಸೇರಲ್ಲ. ನಿಕ್ಕಲ್ ಪುಡಿ ಹಾಕುದ್ರೆ ಅದರ ಮೈಮೇಲೆ ಎರಡೂ ಕೂತು ಬೇಗ ಸೇರ್ಕಂತವೆ. ಪುಡಿ ಹಂಗೇ ಉಳಿತೈತೆ. ಅದಕ್ಕೆ ಕ್ರಿಯಾವರ್ಧಕ ಅಂತಾರೆ."

"ಹೆಪ್ಪು ಹಾಕ್ದಂಗೇನೇ?"

"ಹೆಪ್ಪು ಮೊಸರಲ್ಲೇ ಸೇರೋಯ್ತದಲ್ಲಜ್ಜಿ. ಇದು ಸೇರಲ್ಲ."

ನನಗೆ ಆಗ ಬೇಕಾಗಿದ್ದದ್ದೂ ಅದೇ. ಬಸ್ಸಾರಿಗೆ ಹುಳಿ ಹೆಚ್ಚಾಯಿತೆಂದು ಜಗಳವಾಡಿ ನನ್ನ ಇಬ್ಬರು ಸೊಸೆಯರು, ರತ್ನ ಮತ್ತು ಸಾವಿತ್ರಿ, ಮಾತು ಬಿಟ್ಟಿದ್ದರು. ಕಿರಿಯ ಮಗ ಹಿತ್ತಲಲ್ಲಿ ಎರಡನೇ ಒಲೆಗೆಂದು ಮಣ್ಣು ಕಲಸಿಟ್ಟಿದ್ದ. ಒಲೆ ಎರಡಾದರೆ ಮನೆ ಎರಡಾದಂತೆಯೇ.

ನಾನೇ ನಿಕ್ಕಲ್ ಆಗೋಣವೆಂದು ಅಟ್ಟದಿಂದ ಒಣಕಾಯಿ ಇಳಿಸಿ ಸುಲಿಸಿದೆ. ಕರಟ ಒಡೆದು ಉಂಡೆ ಕೊಬ್ಬರಿ ತೆಗೆಯಲು ಇಬ್ಬರನ್ನೂ ಕೂರಿಸಿ ನಡುವೆ ಕೂತೆ. ಬುದ್ಧಿಮಾತು ಹೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ.

"ರತ್ನ, ಕರಟ ಒಡಿಯೇ ಅಂದ್ರೆ ಕೊಬ್ರಿನೇ ಸೀಳ್ತೀಯಲ್ಲೇ. ಸಾವಿತ್ರಿ, ನೀನು ಕಾಯಿ ಒಡಿತಿದ್ದೀಯೋ, ಮಗಿನ ತಲೆ ಸವರ್ತಿದ್ದೀಯೋ?"

ಮಚ್ಚುಗಳೆರಡೂ ನಿಂತವು. ಸಾವಿತ್ರಿ ನನ್ನ ತಲೆಯ ಮೇಲಿಂದ ರತ್ನಳನ್ನು ನೋಡಿದಳು. "ಅಕ್ಕ, ಅತ್ತೆ ಕೈಲೇ ಒಂದು ಒಡ್ಸಿ ನೋಡಣ."

"ಕೈ ಎಲ್ಲೈತೆ ಕಣೇ, ಬರೀ ಬಾಯಿ."

ನಕ್ಕರು. ಆಮೇಲೆ ಅವರು ಸೊಸೆಯರಾಗಿ ಬಂದ ಹೊಸದರಲ್ಲಿ ನಾನು ಯಾರಿಗೆ ಏನೇನು ಅಂದಿದ್ದೆ ಎಂಬುದನ್ನೆಲ್ಲ ನನ್ನೆದುರೇ ಒಬ್ಬರಿಗೊಬ್ಬರು ಜ್ಞಾಪಿಸಿಕೊಂಡರು. ರಾಶಿ ಮುಗಿಯುವಷ್ಟರಲ್ಲಿ ಒಡಹುಟ್ಟಿದ ಅಕ್ಕತಂಗಿಯರಂತಾಗಿದ್ದರು. ಕಲಸಿಟ್ಟ ಮಣ್ಣನ್ನು ಇಬ್ಬರೂ ಸೇರಿ ಹಳೇ ಒಲೆಗೇ ಮೆತ್ತಿದರು.

"ಅಜ್ಜಿ, ನೀನು ಪಕ್ಕಾ ನಿಕ್ಕಲ್ಲೇ. ಅವರು ಸೇರಿದ್ರು, ನೀನು ಒಂಚೂರೂ ಬದಲಾಗಿಲ್ಲ," ಎಂದಳು ಗಿರಿಜ.

"ವನಸ್ಪತಿ ಆದ್ಮೇಲೆ ಆ ಪುಡಿನ ಏನ್ ಮಾಡ್ತಾರೆ?"

"ಸೋಸಿ ಆಚೆ ತೆಗೀತಾರೆ."

ಅಷ್ಟರಲ್ಲಿ ಅಡುಗೆಮನೆಯಿಂದ ಸಾವಿತ್ರಿ ಕೂಗಿದಳು: "ಅತ್ತೆ, ಇನ್ಮೇಲೆ ನೀವು ಇಲ್ಲಿಗ್ ಬರಬ್ಯಾಡಿ. ಜಗಲಿ ಮೇಲೆ ಕೂತ್ಕಳಿ, ನಾನೂ ಅಕ್ಕನೂ ಊಟ ಅಲ್ಲಿಗೇ ತಂದ್ಕೊಡ್ತೀವಿ."

ಸೊಸೆಯರು ಅತ್ತೆಯನ್ನು ಕೂತಲ್ಲೇ ಸಾಕುತ್ತಾರೆಂದು ಬೀದಿಯವರು ಹೊಗಳುತ್ತಾರೆ. ನಾನು ತಿದ್ದಲು ಹೋಗಿಲ್ಲ.